ವಾಪಸ್ ಬಂದ ನಿಂಬೆಹಣ್ಣು

"ಅಳಿಯಂದ್ರೇ, ಆ ಬೋರ್ಡು ಇಳಿಸ್ಬಿಡಿ," ಎಂದಳು ಮುನಿಗಂಗಮ್ಮಜ್ಜಿ.

ಗೌರೀಶ ಸ್ಟೂಲು ಹತ್ತಿ ಮೊಳೆ ಹೊಡೆಯುತ್ತಿದ್ದ. ಬಾಯಲ್ಲೂ ಮೊಳೆ ಕಚ್ಚಿಕೊಂಡಿದ್ದರಿಂದ ನಗುವುದು ಕಷ್ಟವಾಯಿತು. ಆದರೂ ಬಿಡಲಿಲ್ಲ, ನಕ್ಕ.

ಬೋರ್ಡು ನೋಡುವುದಕ್ಕೆ ಲಕ್ಷಣವಾಗಿಯೇ ಇತ್ತು. ಸುಲ್ತಾನ್‌ಪೇಟೆಯಲ್ಲಿ ತನ್ನ ಮದುವೆ ಪತ್ರಿಕೆ ಮಾಡಿಸಿದ ಅಂಗಡಿಗೇ ಇದನ್ನೂ ಒಪ್ಪಿಸಿದ್ದರಿಂದ ಮೇಲೊಂದು ಗಣಪತಿ, ಸುತ್ತಲೂ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಎದುರುಬದುರು ನವಿಲುಗಳು ಬಂದು ಕೂತಿದ್ದವು. ನಡುವೆ ಕೆಂಪಕ್ಷರದಲ್ಲಿ: ‘ಹಣ್ಣು ಸರಿಯಿಲ್ಲವೆ? ಸಂತೋಷದಿಂದ ವಾಪಸ್ ತೆಗೆದುಕೊಳ್ಳುತ್ತೇವೆ.’

"ಅಜ್ಜಿ, ನಾನು ಮಾಲ್‌ನಲ್ಲಿ ತಳ ಸುಟ್ಟಿರೋ ಕುಕ್ಕರ್‌ನೂ ವಾಪಸ್ ತಗೊಂಡೋನು. ಒಳಗೆ ಇನ್ನೂ ಬೇಳೆ ಇತ್ತು. ನಿಂಬೆಹಣ್ಣು ಯಾವ ಲೆಕ್ಕ?"

"ಕುಕ್ಕರ್‌ಗೆ ಯಾರೂ ದೃಷ್ಟಿ ತೆಗ್ಯಲ್ಲ ಅಳಿಯಂದ್ರೇ," ಎಂದಳು ಅಜ್ಜಿ.

ಚಾಮರಾಜಪೇಟೆಯ ಆ ಹಳೇ ಮನೆಯ ಮುಂಭಾಗವೇ ಅಂಗಡಿ. ಅಂಗಡಿಯ ಕೆಳಗೆ ಕಲ್ಲಿನ ಮೆಟ್ಟಿಲಿಳಿದರೆ ಹಣ್ಣಿಡುವ ನೆಲಮಾಳಿಗೆ. ಹಿತ್ತಲಲ್ಲಿ ಒಂದು ಮುದಿ ನಿಂಬೆಮರ. ದೇವನಹಳ್ಳಿ ಕಡೆ ಇರುವ ಇವರ ತೋಟದ ಅಷ್ಟೂ ನಿಂಬೆಗಿಡಗಳು ಈ ಮರದ ಮಕ್ಕಳೇ. ಕೊಂಬೆಯ ತೊಗಟೆಯನ್ನು ಉಂಗುರದ ಹಾಗೆ ಸುಲಿದು, ಗಾಯಕ್ಕೆ ಪಟ್ಟಿ ಕಟ್ಟಿದಂತೆ ಹಸಿ ಮಣ್ಣು ಮೆತ್ತಿ ಬಟ್ಟೆ ಬಿಗಿದರೆ ಅಲ್ಲೇ ಬೇರೊಡೆಯುತ್ತದೆ. ಅದನ್ನು ಕತ್ತರಿಸಿ ತೋಟದಲ್ಲಿ ನೆಡುತ್ತಾರೆ. ಗೂಟಿ ಕಟ್ಟುವುದು ಎನ್ನುತ್ತಾರೆ ಅದಕ್ಕೆ. ಅಜ್ಜಿಯ ಅತ್ತೆ ಕಟ್ಟಿದ್ದಳು, ಅಜ್ಜಿ ಕಟ್ಟಿದಳು, ಮಗ ನಂದಕುಮಾರ ಕಟ್ಟಿದ, ಮೊಮ್ಮಗಳು ಬಿಂದುವೂ ಕಟ್ಟುತ್ತಾಳೆ. ಈ ಮನೆಯ ಹಣ್ಣನ್ನು ಕೊಯ್ದರೆ ಪಕ್ಕದ ಬೀದಿಯಲ್ಲಿ ಮಲಗಿದವರ ಬಾಯಲ್ಲೂ ನೀರೂರಿ ದಿಂಬು ಒದ್ದೆಯಾಗುತ್ತಿತ್ತಂತೆ. ನಂಬದವರು ಆ ಬೀದಿಯ ಅಗಸರನ್ನು ಕೇಳಬೇಕು.

ನಂದಕುಮಾರನಿಗೆ ಬಿಂದು ಒಬ್ಬಳೇ ಮಗಳು. ಹಾಗಾಗಿ ಮಗಳಿಗೂ ನಿಂಬೆ ವ್ಯಾಪಾರಕ್ಕೂ ಸೇರಿಸಿ ಒಬ್ಬನೇ ಗಂಡು ಹುಡುಕಿದರು. ಮಾಲ್ ಕೆಲಸ ಬಿಟ್ಟು ಗೌರೀಶ ಮನೆಯಳಿಯನಾಗಿ ಬಂದ.

ಬಂದವನಿಗೆ ಈ ಅಂಗಡಿಯ ಪದ್ಧತಿಗಳು ವಿಚಿತ್ರವಾಗಿ ಕಂಡವು. ಹಣ್ಣನ್ನು ಗಿರಾಕಿಯ ಕೈಗೆ ಕೊಡುವ ಹಾಗಿಲ್ಲ, ಹಿತ್ತಾಳೆ ತಟ್ಟೆಯಲ್ಲಿಡಬೇಕು; ಅವರೇ ಎತ್ತಿಕೊಳ್ಳಬೇಕು. ಎತ್ತಿಕೊಂಡ ಮೇಲೆ ಗಲ್ಲಾದ ಕೆಳಗಿನ ತಾಮ್ರದ ಚೆಂಬಿನ ನೀರಿಗೆ ಬೆರಳು ಅದ್ದಬೇಕು. ಮಾರಿದ ಹಣ್ಣನ್ನು ಸತ್ತರೂ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

"ನಮ್ಮ ಹಣ್ಣು ಉಪ್ಪಿನಕಾಯಿಗೂ ಹೋಗುತ್ತೆ, ಲಾರಿ ಚಕ್ರಕ್ಕೂ ಹೋಗುತ್ತೆ," ಎಂದಳು ಅಜ್ಜಿ. "ಯಾರೋ ಯಾರ ಬೆನ್ನ ಹಿಂದೆ ಕೊಯ್ಯೋಕೂ ಹೋಗುತ್ತೆ. ನಾವು ಕೇಳಲ್ಲ. ಆದ್ರೆ ಹೋಗಿದ್ದು ಒಂಟಿಯಾಗಿ ಹೋಗಿರುತ್ತೆ, ಬರೋವಾಗ ಏನು ಹೊತ್ಕೊಂಡು ಬರುತ್ತೋ ಯಾರಿಗ್ಗೊತ್ತು? ನಮ್ಮ ಮಾವನವರ ಕಾಲದಲ್ಲಿ ಕಿತ್ತಳೆ ತೋಟಾನೂ ಇತ್ತು. ಪಾಪ, ಯಾರೋ ಅಳ್ತಾ ಬಂದ್ರು ಅಂತ ಒಂದು ಹಣ್ಣು ವಾಪಸ್ ಇಸ್ಕೊಂಡ್ರು. ಈಗ ನಮ್ಮನೇಲಿ ಕಿತ್ತಳೆ ಬಣ್ಣದ್ದು ಅಂದ್ರೆ ಗ್ಯಾಸ್ ಪೈಪ್ ಒಂದೇ."

"ಅದು ರೋಗ ಅಜ್ಜಿ. ಗಿಡಕ್ಕೆ ಬರೋ ಸೊರಗು ರೋಗ. ಔಷಧಿ ಇದೆ."

"ನಮ್ಮತ್ತೇನೂ ಹೋದ್ರು. ಅವ್ರೇನು ಗಿಡವಾ?"

ಗೌರೀಶ ಸುತ್ತಿಗೆ ಎತ್ತಿದ. ಕೊನೇ ಮೊಳೆ ಹೊಡೆದ. ಮಾವ ನಂದಕುಮಾರ ನಡುವೆ ಬಾಯಿ ಹಾಕಲಿಲ್ಲ. ಮನೆಗೆ ಬಂದ ಅಳಿಯನ ಮನಸ್ಸು ನೋಯಿಸಬಾರದು ಎನ್ನುವುದೂ ಒಂದು ಪದ್ಧತಿಯೇ. ಎರಡು ಪದ್ಧತಿಗಳಲ್ಲಿ ಸುಲಭವಾದದ್ದನ್ನು ಅವನು ಆರಿಸಿಕೊಂಡ.

ಅಮಾವಾಸ್ಯೆಯ ದಿನ ನಿಂಬೆ ಅಂಗಡಿಗೆ ಉಸಿರು ಬಿಡಲು ಪುರುಸೊತ್ತಿರುವುದಿಲ್ಲ. ಬೆಳಗ್ಗೆಯಿಂದ ಆಟೊದವರು, ಲಾರಿಯವರು, ಬಾಗಿಲಿಗೆ ಮೆಣಸಿನಕಾಯಿ ಜೊತೆ ಕಟ್ಟುವವರು ಬಂದು ಹೋಗಿ, ಮಧ್ಯಾಹ್ನದ ಬಿಸಿಲಿಗೆ ಬೀದಿ ಖಾಲಿಯಾಗಿತ್ತು. ಒಬ್ಬ ಹೆಂಗಸು ಎದುರು ಫುಟ್‌ಪಾತಿನಲ್ಲಿ ನಿಂತು ಬಹಳ ಹೊತ್ತಿನಿಂದ ಬೋರ್ಡನ್ನೇ ಓದುತ್ತಿದ್ದಳು. ಕೊನೆಗೆ ರಸ್ತೆ ದಾಟಿ ಬಂದಳು. ಕೈಯಲ್ಲಿ ಕರ್ಚೀಫಿನ ಗಂಟು.

"ಅಣ್ಣಾ, ಅಲ್ಲಿ ಬರ್ದಿರೋದು ನಿಜಾನಾ?"

"ಸಂತೋಷದಿಂದ ಅಂತ್ಲೂ ಬರ್ದಿದೆ ನೋಡಿ."

ಅವಳು ಗಂಟು ಬಿಚ್ಚಿದಳು. ಒಂದು ನಿಂಬೆಹಣ್ಣು. "ನಿಮ್ದೇ. ಹೋದ ಅಮಾವಾಸ್ಯೇಲಿ ತಗೊಂಡಿದ್ದೆ."

ಗೌರೀಶ ಬಗ್ಗಿ ನೋಡಿದ. ತಿಂಗಳಾದರೂ ಈಗ ತಾನೆ ಕೊಂಬೆಯಿಂದ ಕಿತ್ತಂತೆ ಹೊಳೆಯುತ್ತಿತ್ತು. ಅವನಿಗೆ ತನ್ನ ಅಂಗಡಿಯ ಮೇಲೆ ಹೆಮ್ಮೆ ಉಕ್ಕಿತು. "ಇದಕ್ಕೇನಮ್ಮ ಆಗಿದೆ? ಚೆನ್ನಾಗೇ ಇದ್ಯಲ್ಲ."

"ಅದೇ ಅಣ್ಣಾ. ಚೆನ್ನಾಗೇ ಇದೆ." ಅವಳು ಹಣ್ಣಿನಿಂದ ಕಣ್ಣು ತೆಗೆಯಲಿಲ್ಲ. "ನಾನು ಕುಸುಮಾ ಅಂತ. ಶ್ರೀರಾಂಪುರದಲ್ಲಿ ಮಾರಮ್ಮನ ಗುಡಿ ಮುಂದೆ ಹೂ ಕಟ್ತೀನಿ. ಸುಳ್ಳು ಹೇಳಲ್ಲ. ಇದನ್ನ ಮನೇಲಿಟ್ಕೊಳ್ಳೋಕೆ ಆಗ್ತಿಲ್ಲ. ನಿಜವಾಗ್ಲೂ ತಗೋತೀರಾ?"

"ತಗೋತೀನಮ್ಮ."

"ಯೋಚ್ನೆ ಮಾಡಿ ಹೇಳಿ."

"ನಿಂಬೆಹಣ್ಣಿಗೆಲ್ಲ ಯೋಚ್ನೆ ಮಾಡಿದ್ರೆ ಕುಂಬಳಕಾಯಿಗೇನು ಮಾಡೋದು? ಕೊಡಿ ಇಲ್ಲಿ."

"ತಟ್ಟೇಲಿ ಬೇಡ. ಕೈಗೆ ತಗೊಳ್ಳಿ. ತಗೊಂಡೆ ಅಂತ ಬಾಯ್ಬಿಟ್ಟು ಹೇಳಿ."

ಗೌರೀಶ ಕೈಯೊಡ್ಡಿದ. ಹಣ್ಣು ಬೆಚ್ಚಗಿತ್ತು, ಕೋಳಿ ಆಗಷ್ಟೇ ಎದ್ದುಹೋದ ಮೊಟ್ಟೆಯ ಹಾಗೆ. "ತಗೊಂಡೆ," ಎಂದ.

ಕುಸುಮಾ ಒಮ್ಮೆಲೇ ಬಿಕ್ಕಿದಳು. ಒಳ್ಳೆಯದಾಗಲಿ ಎನ್ನಲು ಬಾಯಿ ತೆರೆದು, ಹೇಳಲಾಗದೆ, ಅಂಗಡಿಯ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಓಡಿದಳು. ಬದಲಿಗೆ ಕೊಡಲು ಗೌರೀಶ ಎತ್ತಿಟ್ಟ ಬೇರೆ ಹಣ್ಣು ತಟ್ಟೆಯಲ್ಲೇ ಉಳಿಯಿತು. ಅವನು ಆ ಬೆಚ್ಚನೆಯ ಹಣ್ಣನ್ನು ನೆಲಮಾಳಿಗೆಯ ಮಂಕರಿಗೆ ಎಸೆದ. ಚೆಂಬಿನ ನೀರಿಗೆ ಬೆರಳು ಅದ್ದಲಿಲ್ಲ. ಕೈ ಒರೆಸಿಕೊಳ್ಳಲು ಪ್ಯಾಂಟ್ ಇತ್ತು.

ಅದೇ ವಾರ ಬಸವನಗುಡಿಯ ಕಲ್ಯಾಣಮ್ಮ ಆಟೊ ಮಾಡಿಕೊಂಡು ಬಂದಿಳಿದರು. ಈ ಅಂಗಡಿಯ ಹಣ್ಣಿಲ್ಲದೆ ಉಪ್ಪಿನಕಾಯಿ ಹಾಕದವರು.

"ಏನ್ರೀ ನಂದಕುಮಾರ್, ಇದು ನಿಂಬೆಹಣ್ಣೋ ಪಿಂಗ್‌ಪಾಂಗ್ ಚೆಂಡೋ? ನನ್ನ ಮೊಮ್ಮಕ್ಳು ಬ್ಯಾಟು ತಂದ್ರು!"

ನಂದಕುಮಾರ ಒಂದು ಹಣ್ಣು ಕೊಯ್ದ. ಹೊರಗೆ ತೊಳೆದಿಟ್ಟಂಥ ಹಳದಿ. ಒಳಗೆ ಹಳೇ ದಿಂಬಿನ ಹತ್ತಿ. ಇನ್ನೊಂದು ಕೊಯ್ದ. ಮತ್ತೊಂದು. ಹಿಂಡಿದರೆ ಹುಡಿ ಉದುರಿತು. ಬೋರ್ಡಿನ ಪುಣ್ಯದಿಂದ ಸಂಜೆಯ ಹೊತ್ತಿಗೆ ವಾಪಸ್ ಕೊಡುವವರ ಸಾಲು ತಿರುವಿನವರೆಗೂ ಬೆಳೆದಿತ್ತು. ಗೌರೀಶ ಎಲ್ಲರಿಗೂ ಸಂತೋಷದಿಂದಲೇ ಕ್ಷಮೆ ಕೇಳಿದ.

ಮರುದಿನ ತೋಟ ನೋಡಿಕೊಳ್ಳುವ ಪುಟ್ಟಯ್ಯ ಫೋನು ಮಾಡಿದ. "ಯಜಮಾನ್ರೇ, ನೀರು ಬಿಟ್ಟಿದೀನಿ, ಕಾಲು ಹೂತ್ಕೊಳ್ಳೋಷ್ಟು ಕೆಸರೈತೆ. ಗಿಡ ಮಾತ್ರ ಸೌದೆ ಆಗ್ತಾ ಐತೆ. ಎಲೆ ಬಿದ್ರೆ ಸದ್ದು ಬರ್ತೈತೆ ಯಜಮಾನ್ರೇ, ಹಪ್ಪಳ ಮುರ್ದಂಗೆ."

ಹಿತ್ತಲಿನ ಮುದಿ ಮರದಿಂದಲೂ ಅದೇ ಸದ್ದು ಬರತೊಡಗಿತ್ತು. ಬಿಂದು ಕಟ್ಟಿದ್ದ ಗೂಟಿಯ ಬಟ್ಟೆ ಬಿಚ್ಚಿದರೆ ಒಳಗೆ ಬೇರಿರಲಿಲ್ಲ, ಬೂದಿಯಂಥ ಮಣ್ಣಿತ್ತು. ತಾನು ಕಟ್ಟಿದ ಗೂಟಿ ಸತ್ತರೆ ಅವಳು ಅಳಬೇಕಿತ್ತು. ಅಳಲಿಲ್ಲ. ಆಗಲೇ ಮನೆಯವರು ಅವಳ ಮುಖವನ್ನು ಸರಿಯಾಗಿ ನೋಡಿದ್ದು.

ಏಕೆಂದರೆ ಅಳುವುದರಲ್ಲಿ ಬಿಂದು ಎತ್ತಿದ ಕೈ. ಧಾರಾವಾಹಿಗೂ ಅಳುತ್ತಿದ್ದಳು, ಧಾರಾವಾಹಿಯ ನಡುವೆ ಬರುವ ಸೋಪಿನ ಜಾಹೀರಾತಿಗೂ ಅಳುತ್ತಿದ್ದಳು. ಮದುವೆಯ ದಿನ ತಾನು ಎಲ್ಲಿಗೂ ಹೋಗುತ್ತಿಲ್ಲ, ಗಂಡನೇ ಬರುತ್ತಿದ್ದಾನೆ ಎಂದು ಗೊತ್ತಿದ್ದೂ, ಮಗನನ್ನು ಕಳಿಸಿಕೊಡುವ ಗೌರೀಶನ ತಾಯಿಗೆ ಯಾಕೋ ಅಳು ಬರುತ್ತಿಲ್ಲವೆಂದು ಆಕೆಯ ಪರವಾಗಿಯೂ ಅತ್ತಿದ್ದಳು. ಗೌರೀಶ ಅವಳನ್ನು ಪ್ರೀತಿಸತೊಡಗಿದ್ದು ಆ ಗಳಿಗೆಯಿಂದ.

"ಕಣ್ಣೊಳಗೆ ಮರಳಿದ್ದ ಹಾಗಿದೆ ರೀ," ಎಂದಳು ಬಿಂದು. ಕೊಡಗಟ್ಟಲೆ ನೀರು ಕುಡಿದಳು. ತುಟಿ ಬಿರಿಯಿತು, ಬಿರಿದಲ್ಲಿ ರಕ್ತವೂ ಬರಲಿಲ್ಲ. ಕೆನ್ನೆ ಒಳಗಿಳಿಯಿತು. ಬಳೆಗಳು ಮೊಣಕೈವರೆಗೂ ಜಾರತೊಡಗಿದವು. ಡಾಕ್ಟರು ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆದು, ಎಲ್ಲವೂ ನಾರ್ಮಲ್ ಎಂದರು. ಅವಳು ಮಾತ್ರ ನಾರ್ಮಲ್ ಇರಲಿಲ್ಲ.

"ಏನಾದ್ರೂ ವಾಪಸ್ ತಗೊಂಡ್ರಾ ಅಳಿಯಂದ್ರೇ?" ಎಂದು ಅಜ್ಜಿ ಕೇಳಿದಳು.

ಗೌರೀಶನಿಗೆ ಕರ್ಚೀಫಿನ ಗಂಟು ನೆನಪಾಯಿತು. ಆಮೇಲೆ ಎದ್ದು ನೆಲಮಾಳಿಗೆಗೆ ಹೋದ.

ಮಟಮಟ ಮಧ್ಯಾಹ್ನ. ಆದರೂ ಕೊನೇ ಮೆಟ್ಟಿಲಿನಿಂದಾಚೆ ಬಿಸಿಲು ಬರುತ್ತಿರಲಿಲ್ಲ. ಬಲ್ಬಿನ ಸ್ವಿಚ್ ಒತ್ತಿದ. ಕರೆಂಟಿಲ್ಲ. ಎಂದಿನ ಆ ಹುಳಿ ಘಮವೂ ಇರಲಿಲ್ಲ. ಮುಚ್ಚಿಟ್ಟ ಹಳೇ ಪೆಟ್ಟಿಗೆಯ ವಾಸನೆ. ಧೂಳು, ಒಣ ಚರ್ಮ. ಮಂಕರಿಗಳಲ್ಲಿ ಹಣ್ಣುಗಳು ಗುಳಿಬಿದ್ದು ಗೋಲಿಗಳಾಗಿದ್ದವು. ಪಾದದಡಿ ಏನೋ ಪುಡಿಯಾಯಿತು. ಅವನು ನಿಂತ. ಆಗ ಕೇಳಿಸಿತು.

ಚಪ್. ಚಪ್. ಚಪ್.

ಹಸುಗೂಸು ಮೊಲೆಯುಣ್ಣುವ ಸದ್ದು.

ಕೈ ಚಾಚಿದ. ಒಣ ಹಣ್ಣು. ಒಣ ಹಣ್ಣು. ಇನ್ನೂ ಕೆಳಗೆ. ಒದ್ದೆ. ಬಿಸಿ. ಅಂಗೈ ತುಂಬಿತು. ಅಂಗೈ ಮೀರಿತು. ನಿಂಬೆ ಚಕ್ಕೋತದಷ್ಟಾಗಿತ್ತು. ಸಿಪ್ಪೆಯ ಕೆಳಗೆ ಏನೋ ಬಡಿಯಿತು. ನಿಂತಿತು. ಅವನ ಎದೆಬಡಿತ ಕೇಳಿಸಿಕೊಂಡಿತು. ಆಮೇಲೆ ಅದೇ ತಾಳಕ್ಕೆ ಬಡಿಯತೊಡಗಿತು. ಅವನ ನಾಲಗೆ ಅಂಗುಳಿಗೆ ಅಂಟಿತು. ಕೂಗಲಾಗಲಿಲ್ಲ. ಓಡಿದ. ಮೆಟ್ಟಿಲು. ಬೆಳಕು. ಬೀದಿ. ಸಿಕ್ಕಿದ ಮೊದಲ ಮೋರಿಗೆ ಎಸೆದ. ಅದು ಮುಳುಗಿದ್ದನ್ನು ಕಣ್ಣಾರೆ ನೋಡಿದ.

ಮನೆಗೆ ಬಂದು ನೋಡಿದರೆ ಬಿಂದು ಮಲಗಿದ್ದಳು. ದಿಂಬಿನ ಮೇಲೆ, ಅವಳ ಕಿವಿಗೆ ಒತ್ತಿಕೊಂಡು, ಅದು ಕೂತಿತ್ತು.

ಗೌರೀಶ ಅದನ್ನು ಟವೆಲ್ಲಿನಲ್ಲಿ ಸುತ್ತಿ ಬೈಕು ಹತ್ತಿದ. ಶ್ರೀರಾಂಪುರದ ಮಾರಮ್ಮನ ಗುಡಿಯ ಮುಂದೆ ಕುಸುಮಾ ಹೂ ಕಟ್ಟುತ್ತಿದ್ದಳು. ಅವನನ್ನು ಕಂಡ ಕೂಡಲೇ ದಾರ ಕೈಯಿಂದ ಜಾರಿತು.

"ಏನಿದು? ಯಾರು ಮಾಡಿದ್ದು?" ಗೌರೀಶನ ಧ್ವನಿ ಒಣಗಿ ಸೀಳಿತ್ತು.

"ನಮ್ಮ ಓರಗಿತ್ತಿ ಮಾಡ್ಸಿದ್ದು. ನನ್ನ ಮಗಳು ಒಣಗೋಗ್ತಿದ್ಲು ಅಣ್ಣಾ. ಮಂತ್ರ ಹಾಕೋರು ನಿಂಬೆಹಣ್ಣಿಗೆ ಇಳಿಸ್ಕೊಟ್ರು. ಎಸೆದ್ರೆ ಹೋಗಲ್ಲ, ಯಾರಾದ್ರೂ ಬಾಯ್ಬಿಟ್ಟು ತಗೊಂಡೆ ಅನ್ಬೇಕು ಅಂದ್ರು. ಯಾರು ಅಂತಾರೆ? ಮೂರ್ದಾರಿ ಕೂಡೋ ಕಡೆ ಇಟ್ಟು ಇನ್ಯಾರದ್ದೋ ಮಗು ಎತ್ಕೊಂಡ್ರೆ ಅಂತ ಅದಕ್ಕೂ ಮನಸ್ಸು ಬರ್ಲಿಲ್ಲ. ಆಮೇಲೆ ನಿಮ್ಮ ಬೋರ್ಡು ನೋಡಿದೆ. ಅಂಗಡಿಗೆ ತಾನೆ ಕೊಡ್ತಿರೋದು, ಅಂಗಡಿಗೆ ಮೈಯಿಲ್ವಲ್ಲ ಅನ್ಕೊಂಡೆ."

ಗುಡಿಯ ಮೆಟ್ಟಿಲ ಮೇಲೆ ಒಂದು ಹೆಣ್ಣು ಮಗು ಮಂಡಿ ತರಚಿಕೊಂಡು ಜೋರಾಗಿ ಅಳುತ್ತಿತ್ತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಾಯಲ್ಲಿ ಜೊಲ್ಲು. ಮುಖವೆಲ್ಲ ಫಳಫಳ ಹೊಳೆಯುತ್ತಿತ್ತು. ಕುಸುಮಾ ಆ ಅಳುವನ್ನು ಸಂಗೀತ ಕೇಳುವವಳಂತೆ ಕೇಳುತ್ತಿದ್ದಳು.

ಅವಳು ಸೆರಗೊಡ್ಡಿದಳು. "ಕೊಟ್ಬಿಡಿ ಅಣ್ಣಾ. ಆದ್ರೆ ಮಗೂಗೆ ಬೇಡ. ನನಗೆ ಅಂತ ಹೇಳಿ ಕೊಡಿ. ನಾನೇ ಬಾಯ್ಬಿಟ್ಟು ಹೇಳ್ತೀನಿ."

ಗೌರೀಶ ಟವೆಲ್ಲು ಬಿಚ್ಚಿದ. ಮಗು ಅಳುವುದನ್ನು ನಿಲ್ಲಿಸಿ ಆ ಹಳದಿಯನ್ನೇ ನೋಡಿತು. ನಾಲಗೆಯಿಂದ ತುಟಿ ಸವರಿಕೊಂಡಿತು. ಅವನು ಮತ್ತೆ ಸುತ್ತಿ ಗಂಟು ಹಾಕಿದ. ಬೈಕು ತಿರುಗಿಸಿದ.

ಅಂಗಡಿಯಲ್ಲಿ ಅಜ್ಜಿ ಒಬ್ಬಳೇ ಕೂತಿದ್ದಳು. ಗಲ್ಲಾದ ಒಳಗಡೆ ಅಲ್ಲ, ಹೊರಗಡೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ಸ್ಟೂಲು ಹಾಕಿಕೊಂಡು. ಗೌರೀಶ ಗಲ್ಲಾದ ಮೇಲೆ ಹಣ್ಣಿಟ್ಟು ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಾರಿದ್ರೆ ಹೋಗುತ್ತೆ ಅಳಿಯಂದ್ರೇ. ಅಷ್ಟೇ ದಾರಿ ಇರೋದು."

"ಯಾರಿಗೆ?"

ಅಷ್ಟರಲ್ಲಿ ಒಂದು ಹೊಸ ಆಟೊ ಬಂದು ನಿಂತಿತು. ಹಾರ ಇನ್ನೂ ಬಾಡಿರಲಿಲ್ಲ. ಡ್ರೈವರ್ ಕತ್ತು ಚಾಚಿದ. "ಗುರು, ಚಕ್ರಕ್ಕೆ ಹಣ್ಣು ಕೊಡು. ದಪ್ಪಗಿರೋದೇ ಕೊಡು, ಇವತ್ತು ಹೆಂಡ್ತೀನ ಫಸ್ಟ್ ಟೈಮ್ ಕೂರಿಸ್ಕೊಂಡು ಬಂದಿದೀನಿ." ಹಿಂದಿನ ಸೀಟಿನಲ್ಲಿ ಹೊಸ ಸೀರೆಯುಟ್ಟವಳು ನಾಚಿಕೊಂಡು ನಕ್ಕಳು.

ಗೌರೀಶನ ಕೈ ತಾನಾಗಿ ಮೇಲೆದ್ದಿತು. ಒಳಗೆ ಬಿಂದು ಕೆಮ್ಮಿದಳು. ಒಣ ಸೌದೆ ಮುರಿದ ಕೆಮ್ಮು. ಕೈ ಹಣ್ಣಿನ ಮೇಲೆ ಹೋಯಿತು. ನಿಂತಿತು. ಬೆರಳು ಮಡಿಚಿತು. ಬಿಚ್ಚಿತು. ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಹಣ್ಣಿಲ್ಲ ಗುರು," ಎಂದ ಗೌರೀಶ.

"ಮುಂದೇನೇ ಇಟ್ಕೊಂಡು ಇಲ್ಲ ಅಂತೀಯಲ್ಲ!" ಎಂದು ಗೊಣಗಿ ಆಟೊದವನು ಹೊರಟುಹೋದ.

ಅಜ್ಜಿ ಉಸಿರು ಬಿಟ್ಟಳು. "ನಮ್ಮ ಬಿಂದೂಗೆ ಒಳ್ಳೇ ಗಂಡನ್ನೇ ಹುಡುಕಿದೀವಿ. ಈಗ ಆ ಬೋರ್ಡು ಇಳಿಸಿ."

ಅವನು ಸ್ಟೂಲಿಗಾಗಿ ನೋಡಿದ. ಅದರ ಮೇಲೆ ಅವಳೇ ಕೂತಿದ್ದಳು. ಗಲ್ಲಾ ಹತ್ತಿ ಬೋರ್ಡನ್ನು ಕೈಯಿಂದಲೇ ಕಿತ್ತ. ಒಂದು ನವಿಲು ಮುರಿದು ಗೋಡೆಯಲ್ಲೇ ಉಳಿಯಿತು.

"ಹ್ಞಾ. ಈಗ ತಟ್ಟೇಲಿಡಿ. ಒಂದು ನಿಂಬೆಹಣ್ಣು ಕೊಡಿ. ಗಿರಾಕಿ ನಾನು."

"ಅಜ್ಜಿ, ಬೇಡ. ನಾನೇ ತಿಂದ್ಬಿಡ್ತೀನಿ."

"ನೀವು ತಗೊಂಡೋರು. ನಿಮ್ಮೊಳಗೆ ಹೋದ್ರೆ ಈ ಮನೇಲೇ ಬೇರು ಬಿಡುತ್ತೆ. ಗೊತ್ತಿಲ್ದೋರು ಕೊಂಡ್ಕೊಂಡ್ರೆ ಅವ್ರ ಮನೆಗೆ ಹೋಗುತ್ತೆ. ಗೊತ್ತಿದ್ದೂ ಕೊಂಡ್ಕೊಂಡೋರ ಜೊತೆ ಮಾತ್ರ ಅದು ಮುಗಿಯೋದು. ನಮ್ಮತ್ತೆ ಹಂಗೇ ಮಾಡಿದ್ದು. ನಾನು ಆಗ ಹೊಸ ಸೊಸೆ. ಇದೇ ಅಂಗಡಿ, ನೀವು ನಿಂತಿರೋ ಜಾಗದಲ್ಲೇ ನಿಂತು ನೋಡಿದೀನಿ." ಅವಳು ಸೆರಗಿನ ತುದಿ ಬಿಚ್ಚಿ ಒಂದು ಅಡಕೆ ತೆಗೆದು ಗಲ್ಲಾದ ಮೇಲಿಟ್ಟಳು. "ಚಿಲ್ರೆ ಇಲ್ಲ. ಇದನ್ನೇ ಇಟ್ಕೊಳ್ಳಿ."

"ಅಜ್ಜಿ…"

"ಬೇಗ ಇಡಿ ಅಳಿಯಂದ್ರೇ. ಮಗು ಕೆಮ್ತಾ ಇದೆ."

ಅವನು ಇಟ್ಟ. ಅವಳು ಎತ್ತಿಕೊಂಡಳು. ಅವನ ಕೈಯನ್ನು ತಾನೇ ಹಿಡಿದು ಚೆಂಬಿನ ನೀರಿಗೆ ಅದ್ದಿದಳು.

ಆಮೇಲೆ ಅಡುಗೆಮನೆಗೆ ಹೋದಳು. ಈಳಿಗೆಮಣೆಯ ಮೇಲೆ ಹಣ್ಣಿಟ್ಟು ಕೊಯ್ದಳು. ಒಂದು ಸಣ್ಣ ಕಿರುಚಾಟ ಕೇಳಿಸಿತು ಎಂದು ನಂದಕುಮಾರ ಇಂದಿಗೂ ಹೇಳುತ್ತಾನೆ, ಈಳಿಗೆಯದ್ದೇ ಇರಬಹುದು. ದೊಡ್ಡ ಲೋಟ ತುಂಬಿ ಹರಿಯುವಷ್ಟು ರಸ ಬಂತು. ಬೆಲ್ಲ ಹಾಕಿದಳು, ಏಲಕ್ಕಿ ಕುಟ್ಟಿ ಹಾಕಿದಳು. ಚಮಚೆಯಲ್ಲಿ ಕಲಕಿ ನಿಂತಲ್ಲೇ ಪೂರ್ತಿ ಕುಡಿದಳು.

"ಉಪ್ಪು ಕಮ್ಮಿಯಾಯ್ತು," ಎಂದಳು.

ಲೋಟ ತೊಳೆದು ಬೋರಲು ಹಾಕಿ, ಹಿತ್ತಲಿಗೆ ಹೋಗಿ ಮುದಿ ಮರಕ್ಕೆ ಒರಗಿ ಕೂತಳು. ಹೊತ್ತು ಮುಳುಗುವ ಮುಂಚೆ ಒಳಗಿನಿಂದ ಬಿಂದುವಿನ ಅಳು ಕೇಳಿಸಿತು. ಮನೆ ಹಾರಿಹೋಗುವ ಹಾಗೆ, ಬಿಕ್ಕಿ ಬಿಕ್ಕಿ, ಮೂಗು ಸೊರಗುಟ್ಟುತ್ತ ಅಳುವ ಅಳು. ಗೌರೀಶ ಸಂತೋಷದಿಂದ ಹುಚ್ಚನಂತೆ ಹಿತ್ತಲಿಗೆ ಓಡಿದ.

"ಅಜ್ಜಿ, ಬಿಂದು ಅತ್ಲು! ಅಜ್ಜಿ!"

ಭುಜ ಮುಟ್ಟಿದ. ಸೀರೆಯೊಳಗೆ ಏನೂ ಇಲ್ಲದ ಹಾಗೆ ಅವಳು ಅವನ ಕೈಮೇಲೆ ವಾಲಿದಳು. ಚಾಮರಾಜಪೇಟೆಯ ಸ್ಮಶಾನಕ್ಕೆ ಹೊತ್ತವರು ಆಮೇಲೆ ಹೇಳಿದರು: ಹೆಣವಲ್ಲ ಸ್ವಾಮಿ, ಗಾಳಿ ಬಂದಾಗಲೆಲ್ಲ ನಾವು ಅದನ್ನು ಹಿಡಿದುಕೊಂಡಿದ್ದೆವು, ಹೊತ್ತಿರಲಿಲ್ಲ.

ಚಿತೆಯ ಮುಂದೆ ನಂದಕುಮಾರ ಅತ್ತ. ಪುಟ್ಟಯ್ಯ ಅತ್ತ. ಕಲ್ಯಾಣಮ್ಮ ಅತ್ತರು. ದೂರದಲ್ಲಿ ಮರದ ಮರೆಗೆ ನಿಂತು ಕುಸುಮಾನೂ ಅತ್ತಳು. ಗೌರೀಶ ಅಳಲು ನೋಡಿದ. ಎದೆ ಒಡೆಯುತ್ತಿತ್ತು, ಮುಖ ಸೊಟ್ಟಗಾಯಿತು. ಕಣ್ಣಿಗೆ ಮರಳು ಬಂತು, ನೀರು ಬರಲಿಲ್ಲ. ಆಮೇಲೂ ಬರಲಿಲ್ಲ. ಮೊದಲು ತಗೊಂಡೆ ಎಂದವನು ಅವನು. ಅಷ್ಟನ್ನು ಅದು ಅವನಲ್ಲೇ ಬಿಟ್ಟುಹೋಗಿತ್ತು.

ಮುದಿ ಮರ ಬುಡದಲ್ಲೊಂದು ಚಿಗುರು ಹೊಡೆಯಿತು. ಬಿಂದು ಮತ್ತೆ ಗೂಟಿ ಕಟ್ಟಿದಳು. ತೋಟ ನಿಧಾನವಾಗಿ ಹಸಿರಾಗುತ್ತಿದೆ. ಅಂಗಡಿಯಲ್ಲೀಗ ಬೋರ್ಡಿಲ್ಲ. ಗೋಡೆಯಲ್ಲೊಂದು ಒಂಟಿ ನವಿಲಿದೆ, ಅಷ್ಟೇ.

ಮೊನ್ನೆ ಅಮಾವಾಸ್ಯೆಯ ಮಧ್ಯಾಹ್ನ ಒಬ್ಬ ವಯಸ್ಸಾದವರು ಬಂದರು. ಶರ್ಟಿನ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಗಲ್ಲಾದ ಮೇಲಿಡಲು ಹೋದರು.

"ಸ್ವಾಮಿ, ಇದೊಂದು ಹಣ್ಣು… ಮನೇಲಿ ನಮ್ಮೋಳಿಗೆ ಹುಷಾರಿಲ್ಲ…"

ಗೌರೀಶ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ. "ಮಾರಿದ್ದನ್ನ ವಾಪಸ್ ತಗೊಳ್ಳಲ್ಲ ಯಜಮಾನ್ರೇ."

"ಮೊದ್ಲು ತಗೊಳ್ತಿದ್ರಂತಲ್ಲ…"

"ಈಗಿಲ್ಲ."

ಅವರು ಪೊಟ್ಟಣವನ್ನು ಹುಷಾರಾಗಿ, ಎದೆಗೆ ತಾಗದ ಹಾಗೆ ಹಿಡಿದುಕೊಂಡು, ಬಿಸಿಲಿನಲ್ಲಿ ಕಾಲೆಳೆಯುತ್ತ ಹೋದರು. ತಿರುವಿನಲ್ಲಿ ಮರೆಯಾಗುವವರೆಗೂ ಗೌರೀಶ ನೋಡಿದ. ಚೆಂಬಿನ ನೀರಿಗೆ ಬೆರಳು ಅದ್ದಿದ. ಆ ಬೆರಳನ್ನೇ ಕಣ್ಣಿಗೆ ಒತ್ತಿಕೊಂಡು ಕೂತ.

ಊಟಕ್ಕೆ ಕರೆಯಲು ಬಂದ ಬಿಂದು ಅವನ ಮುಖ ನೋಡಿದಳು. ಏನಾಯಿತೆಂದು ಕೇಳಲಿಲ್ಲ. ಪಕ್ಕದಲ್ಲಿ ಸ್ಟೂಲೆಳೆದುಕೊಂಡು ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದಳು. ಬಹಳ ಹೊತ್ತು ಅತ್ತಳು. ಕೆನ್ನೆ ಒರೆಸಿಕೊಂಡು, ಉಸಿರು ಎಳೆದುಕೊಂಡಳು.

"ಇದು ನಂದು," ಎಂದಳು. "ತಡೀರಿ, ಈಗ ನಿಮ್ದು."

ಮತ್ತೆ ಅಳತೊಡಗಿದಳು.